ಹದಿನಾಲ್ಕನೇ ಕೋಣೆಯ ಏಳನೇ ಉಸಿರು

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಪಕ್ಕದ ಕೋಣೆಯಲ್ಲಿದ್ದ ಬಖೀತ್ ಚಿಕ್ಕಪ್ಪನಿಗೆ ಆದದ್ದು. ಸುಡಾನಿನವನು, ಐದು ಹೊತ್ತು ನಮಾಜು ಮಾಡುವವನು, ನಾಲಿಗೆಗೆ ಸುಳ್ಳು ಅಂಟದವನು. ಅಂಟದವನು ಅಂದೆನಲ್ಲ... ಒಂದು ಸಲ ಅಂಟಿತು. ಅಲ್ಲಿಂದಲೇ ಶುರು.

ಆಗಸ್ಟ್ ಹದಿನೆಂಟು. ರಾತ್ರಿ ಹನ್ನೊಂದು ದಾಟಿತ್ತು. ರೊಟ್ಟಿ, ಒಂದು ಡಬ್ಬಿ ಫೂಲ್ ಕಾಳು ಹಿಡಿದು ಬಖೀತ್ ಅಂಗಡಿಯಿಂದ ಕ್ಯಾಂಪಿಗೆ ವಾಪಸು ಬರುತ್ತಿದ್ದ. ಗಾರೆ ಕೆಲಸದವರಾದ ನಮ್ಮ ಕ್ಯಾಂಪಿಗೆ ಅವನೇ ಗೇಟು ಕಾವಲುಗಾರ. ದಾರಿಯಲ್ಲಿ ಬತ್ತಿದ ಬಾವಿ, ಅದಕ್ಕೆ ಬಾಗಿದ ಎಲಚಿ ಮರ. ದೇವರ ಹೆಸರು ಹೇಳದೆ ಆ ಮರದಡಿ ಯಾರೂ ದಾಟುವುದಿಲ್ಲ. ಬಖೀತನೂ ಹೇಳಿಕೊಂಡ. ಬಾವಿಯ ಕಡೆಯಿಂದ ಸದ್ದು ಬಂತು.

ಸುಂಯ್...

ಎಳೆದುಕೊಂಡ ಉಸಿರು. ಬಿಟ್ಟದ್ದು ಕೇಳಿಸಲಿಲ್ಲ.

ಆ ಸದ್ದು ಅವನಿಗೆ ಗೊತ್ತಿತ್ತು. ಸಿಮೆಂಟಿನ ಧೂಳು ಎದೆಯಲ್ಲಿ ಕೂತವರ ಉಸಿರು ಹಾಗೆ ಸಿಳ್ಳೆ ಹಾಕುತ್ತದೆ. ಮಹ್ರೂಸನದೂ ಹಾಗೇ ಇತ್ತು. ಬಖೀತ್ ತಿರುಗಿ ನೋಡಲಿಲ್ಲ. ಕಾಲು ಮಾತ್ರ ಬೇಗ ಬೇಗ ಎತ್ತಿಟ್ಟ.

ಮಹ್ರೂಸ್ ಯಾರು ಅಂತ ಹೇಳಬೇಕು. ಈಜಿಪ್ಟಿನ ಸೊಹಾಗ್ ಕಡೆಯ ಹುಡುಗ, ಹದಿನಾಲ್ಕನೇ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಲಿನ ಮಂಚ ಅವನದು. ಇಪ್ಪತ್ತು ದಿನದ ಹಿಂದೆ ಒಂದು ರಾತ್ರಿ ಆ ಕೋಣೆಯ ಏಸಿ ನಿಂತಿತು. ಬಾಗಿಲಿಗೆ ಯಂತ್ರದ ಬೀಗ. ಕೂಲಿಯವರು ರಾತ್ರಿ ಓಡಿಹೋಗಬಾರದಲ್ಲ! ಬೀಗ ತೆಗೆಯುವುದು ಮ್ಯಾನೇಜರ್ ವಜ್ದಿಯ ಫೋನಿನಿಂದ ಮಾತ್ರ. ಒಳಗಿನವರು ಎರಡು ಗಂಟೆ ಬಾಗಿಲು ಗುದ್ದಿದರು. ಹೊರಗೆ ಬಖೀತ್ ಎರಡು ಗಂಟೆ ಫೋನು ಮಾಡಿದ. ಸಾಹೇಬರು ನಿದ್ದೆಯಲ್ಲಿದ್ದರು. ಕೊನೆಗೆ ಬಾಗಿಲು ತೆರೆದಾಗ ಮಹ್ರೂಸನ ತುಟಿ ನೀಲಿಯಾಗಿತ್ತು. ಒಂದು ವ್ಯಾನು ಬಂದು ಹೊತ್ತುಕೊಂಡು ಹೋಯಿತು. ಯಾವ ಆಸ್ಪತ್ರೆ ಅಂತ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ವಜ್ದಿ ಗೇಟಿನ ಪುಸ್ತಕ ತೆರೆದು ಮುಂದಿಟ್ಟ.

"ಬರಿ. ಪರಾರಿ ಅಂತ ಬರಿ."

ಸತ್ತರೆ ಕಂಪನಿ ಉತ್ತರ ಹೇಳಬೇಕು. ಓಡಿಹೋದರೆ ಅವನೇ ಕಳ್ಳ. ಬಖೀತನ ಪಾಸ್‌ಪೋರ್ಟು ವಜ್ದಿಯ ಕಪಾಟಿನಲ್ಲಿತ್ತು. ಬಖೀತ್ ಬರೆದ. ಸಹಿಯನ್ನೂ ಹಾಕಿದ.

ಆಮೇಲೆ ವಜ್ದಿ ಪ್ರತಿ ಕೋಣೆಯ ಮಾಡಿಗೂ ಒಂದು ಬಿಳಿ ಡಬ್ಬಿ ಹಾಕಿಸಿದ. ಅದಕ್ಕೆ ಕಣ್ಣಿಲ್ಲ. ವೈಫೈಯಂಥದೇ ಅಲೆ ಬಿಡುತ್ತದೆ. ಆ ಅಲೆ ಮನುಷ್ಯನ ಎದೆಗೆ ಬಡಿದು ವಾಪಸು ಬರುತ್ತದೆ. ಎದೆ ಏರಿಳಿದದ್ದನ್ನು ಹಿಡಿದು ಒಳಗೆಷ್ಟು ಜನ, ಯಾವ ಮಂಚದಲ್ಲಿ, ಅಂತ ವಜ್ದಿಯ ಫೋನಿನಲ್ಲೂ ಬಖೀತನ ಫೋನಿನಲ್ಲೂ ಚುಕ್ಕಿ ಇಟ್ಟು ತೋರಿಸುತ್ತದೆ. ಕ್ಯಾಮೆರಾ ಇಟ್ಟರೆ ಕೂಲಿಯವರ ಮಾನ ಹೋಗುತ್ತದಂತೆ. ಉಸಿರು ಎಣಿಸಿದರೆ ಹೋಗುವುದಿಲ್ಲವಂತೆ! ಮಲಗಿದವನ ಎದೆಯನ್ನೂ ಬಿಡದವರು ಮಾನದ ಮಾತಾಡುತ್ತಾರೆ.

ಆ ರಾತ್ರಿ ಬಖೀತ್ ಗೇಟಿಗೆ ಬಂದು ಕೂತು ರೊಟ್ಟಿ ಮುರಿದ. ಅಷ್ಟರಲ್ಲಿ ಫೋನು ಟ್ರಿಣ್ ಅಂದಿತು.

ಕೋಣೆ ಹದಿನಾಲ್ಕು: 7.

ಅಲ್ಲಿ ಇರಬೇಕಾದವರು ಆರು.

ಹಿಂದೆಯೇ ವಜ್ದಿಯ ಕರೆ. "ಯಾರನ್ನೋ ಬಚ್ಚಿಟ್ಟಿದಾರೆ. ಬೇರೆ ಕಂಪನಿಯಿಂದ ಓಡಿ ಬಂದವನು ಇರಬೇಕು. ಹೋಗಿ ಎಳ್ಕೊಂಡು ಬಾ."

ಬೀಗ ಟಕ್ ಅಂತ ತೆರೆಯಿತು. ಬಖೀತ್ ಒಳಗೆ ಹೋದ. ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಟಕ್.

ಆರು ಜನರೂ ಎದ್ದು ಕೂತರು. ಅವರಲ್ಲಿ ಹಿರಿಯ ಹಗ್ಗಾಗ್, ಮಹ್ರೂಸನ ಊರಿನವನೇ.

"ಏನ್ ಚಿಕ್ಕಪ್ಪ, ಈ ಹೊತ್ತಲ್ಲಿ?"

"ಏಳು ಜನ ಅಂತ ತೋರಿಸ್ತಿದೆ ಕಣೋ."

"ಈ ಗೂಡಲ್ಲಿ ಜಿರಳೆಗೇ ಜಾಗ ಇಲ್ಲ, ಏಳನೆಯವನನ್ನ ಎಲ್ಲಿಡೋಣ? ಈ ಬಿಶಾಯ್ ಗೊರಕೇನ ಇಬ್ಬರದು ಅಂತ ಎಣಿಸಿರಬೇಕು."

"ನಿನ್ನ ಬಾಯಿನ ನಾಲ್ಕು ಅಂತ ಎಣಿಸಲಿಲ್ವಲ್ಲ, ಪುಣ್ಯ," ಅಂದ ಮೂಲೆಯಿಂದ ಬಿಶಾಯ್.

ಮಂಚದ ಕೆಳಗೆ, ಪೆಟ್ಟಿಗೆಗಳ ಹಿಂದೆ, ಬಟ್ಟೆಯ ರಾಶಿಯಲ್ಲಿ ಹುಡುಕಿದರು. ಯಾರೂ ಇಲ್ಲ. ಬಖೀತ್ ಫೋನು ನೋಡಿದ: 8. ಅವನನ್ನೂ ಸೇರಿಸಿಕೊಂಡಿತ್ತು.

"ಸಾಹೇಬ್ರೆ, ಇಲ್ಲಿ ಯಾರೂ ಇಲ್ಲ. ಬಾಗಿಲು ತೆಗೀರಿ."

"ಅವನನ್ನ ಒಪ್ಪಿಸೋ ತನಕ ತೆಗೆಯಲ್ಲ. ನೀನೂ ಅಲ್ಲೇ ಇರು."

ಗರ್ರ್... ಢಕ್. ಏಸಿ ನಿಂತಿತು. ಅದೂ ವಜ್ದಿಯ ಬೆರಳ ತುದಿಯಲ್ಲೇ ಇತ್ತು.

ಎಲ್ಲರಿಗೂ ಅದೇ ರಾತ್ರಿ ನೆನಪಾಗಿತ್ತು. ಬಿಸಿ ಗೋಡೆಯೊಳಗಿಂದ ಬರಲು ಶುರುವಾಯಿತು. ಎರಡು ಗಂಟೆಯ ಹೊತ್ತಿಗೆ ಬಾಟಲಿಗಳಲ್ಲಿ ನೀರು ಮುಗಿಯಿತು. ಮೂರಕ್ಕೆ ಕಿರಿಯವನೊಬ್ಬ ವಾಂತಿ ಮಾಡಿಕೊಂಡ. ಗುದ್ದಿದರೆ ಬಾಗಿಲು ಧಡ್ ಧಡ್ ಅನ್ನುತ್ತಿತ್ತು, ಅಷ್ಟೇ. ಹೊರಗೆ ಕೇಳಿಸಿಕೊಳ್ಳಬೇಕಾದ ಕಾವಲುಗಾರ ಒಳಗಿದ್ದ.

"ಚಿಕ್ಕಪ್ಪ," ಹಗ್ಗಾಗ್ ಪಿಸುಗುಟ್ಟಿದ. "ಅದು ಉಸಿರು ತಾನೇ ಎಣಿಸೋದು?"

"ಹೂಂ."

"ಎಲ್ಲರೂ ಒಟ್ಟಿಗೆ ಹಿಡಿಯೋಣ. ಸೊನ್ನೆ ಬಂದ್ರೆ ಡಬ್ಬಿ ನಮ್ಮಲ್ಲೇ ಯಾರನ್ನೋ ಎರಡು ಸಲ ಎಣಿಸಿದೆ, ಬೇರೆ ಯಾರೂ ಇಲ್ಲ ಅಂತ ಅವನಿಗೆ ಗೊತ್ತಾಗುತ್ತೆ."

ಬಖೀತ್ ವಜ್ದಿಗೆ ಫೋನು ಮಾಡಿ ಹೇಳಿದ. "ನೋಡ್ತಿರಿ, ಸಾಹೇಬ್ರೆ."

ಏಳು ಜನ ನೆಲಕ್ಕೆ ಕೂತರು. ಕೈ ಅಲ್ಲಾಡಿಸಲಿಲ್ಲ. ಬಾಯಿ ಮುಚ್ಚಿದರು.

8... ಅದೇ. 8... ಅದೇ. ಆಮೇಲೆ ಒಮ್ಮೆಗೇ ಇಳಿಯಿತು. 5. 3. 2.

1.

ಒಂದರಲ್ಲೇ ನಿಂತಿತು.

ಬಖೀತನ ಕಿವಿಯಲ್ಲಿ ರಕ್ತ ಗುಂಯ್‌ಗುಡುತ್ತಿತ್ತು. ಉಳಿದ ಆರು ಮುಖ ನೋಡಿದ. ಆರೂ ಉಬ್ಬಿಕೊಂಡಿದ್ದವು, ಒಬ್ಬನೂ ಉಸಿರು ಬಿಟ್ಟಿರಲಿಲ್ಲ. ಫೋನಿನ ಚುಕ್ಕಿ ಕಿಟಕಿ ಪಕ್ಕದ ಮೇಲಿನ ಮಂಚದಲ್ಲಿತ್ತು. ಅಲ್ಲಿ ಸುರುಳಿ ಸುತ್ತಿದ ಹಾಸಿಗೆ ಬಿಟ್ಟರೆ ಏನೂ ಇರಲಿಲ್ಲ.

ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

ಸುಂಯ್...

ಬಿಶಾಯ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಹಗ್ಗಾಗ್ ಮುಖ ಮುಚ್ಚಿಕೊಂಡು ಅತ್ತ.

ಫೋನಿನಲ್ಲಿ ವಜ್ದಿ ಕೂಗುತ್ತಿದ್ದ. "ಒಂದು! ಒಂದು ತೋರಿಸ್ತಿದೆ! ಯಾರೋ ಅವನು? ಹೆಸರು ಹೇಳು!"

ಬಖೀತ್ ಎದ್ದು ನಿಂತ. ಪಾಸ್‌ಪೋರ್ಟು, ಕಪಾಟು, ಊರಲ್ಲಿ ಕಾಯುವವರು... ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು.

"ಹೆಸರು ಮಹ್ರೂಸ್, ಸಾಹೇಬ್ರೆ. ಓಡಿಹೋದ ಅಂತ ನನ್ನ ಕೈಲಿ ಬರೆಸಿದ್ರಲ್ಲ. ಎಲ್ಲೂ ಓಡಿಹೋಗಿಲ್ಲ. ಬಾಗಿಲು ಹಾಕಿತ್ತು, ಹೇಗೆ ಓಡ್ತಾನೆ? ಇಲ್ಲೇ ಸತ್ತ. ಇಲ್ಲೇ ಇದಾನೆ. ನಿಮ್ಮ ಡಬ್ಬಿನೇ ಸಾಕ್ಷಿ ಹೇಳ್ತಿದೆ."

ಆ ಕಡೆಯಿಂದ ಲೈನು ಕಟ್ಟಾಯಿತು.

ಟಕ್.

ಬೀಗ ತೆರೆಯಿತು. ತಾನು ತೆರೆಯಲಿಲ್ಲ ಅಂತ ವಜ್ದಿ ಇವತ್ತಿಗೂ ಹೇಳುತ್ತಾನೆ. ಅವನ ಮಾತಿನಲ್ಲಿ ನಾನು ನಂಬುವುದು ಅದೊಂದನ್ನೇ.

ಏಳೂ ಜನ ಹೊರಗೆ ಬಂದರು, ಆರು ಜನ ನಲ್ಲಿಗೆ ಬಾಯಿ ಕೊಟ್ಟರು. ಬಖೀತ್ ಮಾತ್ರ ನೇರ ಗೇಟಿಗೆ ನಡೆದ. ಖಾಲಿ ಕೋಣೆ ಫೋನಿನಲ್ಲಿ ಇನ್ನೂ 1 ಅನ್ನುತ್ತಿತ್ತು. ಪುಸ್ತಕ ತೆರೆದು, ಹಳೆಯ ಪುಟ ಹುಡುಕಿ, ಪರಾರಿ ಅನ್ನುವುದನ್ನು ಹೊಡೆದುಹಾಕಿದ. ಕೆಳಗೆ ಬರೆದ: "ಓಡಿಹೋಗಿಲ್ಲ. ಬೀಗ ಹಾಕಿದ ಹದಿನಾಲ್ಕನೇ ಕೋಣೆಯಲ್ಲಿ ಸತ್ತ. ನಾನು ಸುಳ್ಳು ಬರೆದಿದ್ದೆ. ಬಖೀತ್."

ಪೆನ್ನು ಕೆಳಗಿಟ್ಟು ಫೋನು ನೋಡಿದ. ಕೋಣೆ ಹದಿನಾಲ್ಕು: 0.

ಬೆಳಿಗ್ಗೆ ವಜ್ದಿ ಆ ಪುಟ ಹರಿದ. ಅಷ್ಟರಲ್ಲಿ ಹಗ್ಗಾಗ್ ಅದರ ಫೋಟೋ ತೆಗೆದಾಗಿತ್ತು. ಅದನ್ನು ಹಿಡಿದು ತಮ್ಮ ದೇಶದ ರಾಯಭಾರ ಕಚೇರಿಗೆ ಹೋದ, ಅಲ್ಲಿ ಬಾಗಿಲಲ್ಲೇ ಮೂರು ದಿನ ಕೂತ. ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಹೆಸರಿಲ್ಲದ ಒಂದು ದೇಹ ಸಿಕ್ಕಿತು. ಮಹ್ರೂಸ್ ಸೊಹಾಗಿಗೆ ಹೋದ, ಅವನ ತಾಯಿ ಅವನನ್ನು ಮಣ್ಣಿಗಿಟ್ಟಳು. ಬಖೀತನನ್ನು ವಾಪಸು ಕಳಿಸಿದರು. ಹೊರಡುವ ಮುಂಚೆ ನಮ್ಮ ಕೋಣೆಗೆ ಬಂದು ಇದನ್ನೆಲ್ಲ ಹೇಳಿದ. ಫೋನಿನಲ್ಲಿ ಉಳಿದಿದ್ದ ಡಬ್ಬಿಯ ದಾಖಲೆಯನ್ನು ನನಗೆ ಕಳಿಸಿದ.

ಹಗ್ಗಾಗ್ ತಂದುಕೊಟ್ಟ ಆಸ್ಪತ್ರೆಯ ಕಾಗದವೂ ನನ್ನ ಹತ್ತಿರ ಇದೆ. ಅದರಲ್ಲಿ ಬರೆದಿದೆ: ಉಸಿರು ನಿಂತದ್ದು ಜುಲೈ ಇಪ್ಪತ್ತೊಂಬತ್ತು.

ಡಬ್ಬಿಯ ದಾಖಲೆಯಲ್ಲಿದೆ: ಕಿಟಕಿ ಪಕ್ಕದ ಮೇಲಿನ ಮಂಚ, ನಿಮಿಷಕ್ಕೆ ಹನ್ನೊಂದು ಉಸಿರು. ನಿಂತದ್ದು ಆಗಸ್ಟ್ ಹತ್ತೊಂಬತ್ತು, ಬೆಳಗಿನ ಜಾವ ಮೂರು ನಲವತ್ತು.

ನಂಬದವರು ಬನ್ನಿ, ಎರಡನ್ನೂ ತೋರಿಸುತ್ತೇನೆ.