ಇಲ್ಲಿ ಯಾರಿಗೂ ಜ್ವರ ಇಲ್ಲರಿ

ಇಲ್ಲರಿ ಯಣ್ಣಾ, ಇಲ್ಲ ಅಂದ್ರ ಇಲ್ಲ! ಈ ಝೋಪಡಿ ಸಾಲಿನ್ಯಾಗ ಯಾರಿಗೂ ಜ್ವರ ಬಂದಿಲ್ಲ. ಮುಂದಿನ ಬಿಲ್ಡಿಂಗಿಗಿ ಹೋಗ್ರಿ ನೀವು... ಯಾಕ್ ನಿಂತ್ರಿ? ನಗ್ತೀರಿ ಯಾಕ? ಈ ಗುರುಬಾಯಿ ಸುಳ್ಳು ಹೇಳ್ತಾಳಂತ ಮಾಡೀರೇನು? ಬರ್ರಿ, ಬಗ್ಗಿ ಒಳಗ ನೋಡ್ರಿ. ಝೋಪಡ್ಯಾಗ ಮುಚ್ಚಿಡಾಕ ಜಾಗಾನಾದ್ರೂ ಎಲ್ಲದ? ಒಲಿ, ಎರಡು ಕೌದಿ, ನೀರಿನ ಡಬ್ಬಿ. ನೋಡಿದ್ರ್ಯಲ್ಲ? ಹ್ಞಾಂ.

ನಮ್ಮ ಮನಿಯವರಾ? ಅಣವೀರಪ್ಪ ಅಂತ ಹೆಸರೂ ನೆನಪಿಟ್ಟೀರಿ! ಅವರು... ವಿಲೆ ಪಾರ್ಲೆಗೆ ಹೋಗ್ಯಾರ. ಅಲ್ಲಿ ಬ್ಯಾರೆ ಕೆಲಸ ಹತ್ಯಾದ. ಯಾವ ಚಪ್ಪಲಿ? ಅವಾ... ಹಳೇವರಿ ಅವು. ಹೊಸಾವ ಮೆಟ್ಕೊಂಡು ಹೋಗ್ಯಾರ.

ನಿಮ್ಮ ಮ್ಯಾಲ ಸಿಟ್ಟಿಲ್ಲ, ಸಿದ್ದಲಿಂಗಪ್ಪಣ್ಣ. ಈ ಗೋರೆಗಾಂವ್‌ನ್ಯಾಗ ನಮ್ಮ ಮಾತಿನ್ಯಾಗ "ಹೆಂಗದಿ ತಂಗಿ" ಅನ್ನಾವರು ನೀವೊಬ್ರೇ. ಮಳಿಗಾಲದಾಗ ನೀವು ರಕ್ತ ತಪಾಸ ಮಾಡಾಕ ಸೂಜಿ, ಗಾಜಿನ ಪಟ್ಟಿ ಹಿಡಕೊಂಡು ಬಂದಾಗ ನಾನೇ ಅಲ್ಲೇನ್ರಿ ಬಾಜೂ ಝೋಪಡಿ ಚಂದ್ರವ್ವಗ ಹೇಳಿದಾಕಿ? "ನಿನ್ನ ಮಗ ಮರೆಪ್ಪನ ಬೆರಳು ಕೊಡವಾ, ಇರಿವಿ ಕಡದಂಗ ಆಗ್ತದ, ಅಷ್ಟೇ." ಮರೆಪ್ಪನ ರಕ್ತದಾಗ ಮಲೇರಿಯಾ ಸಿಕ್ಕಿತು. ನೀವು ಗುಳಗಿ ಕೊಟ್ರಿ. ಒಳ್ಳೇದಾತು. ಆದ್ರ ನೀವು ಆ ಕಡಿ ಹೋದ ಮ್ಯಾಲ ಈ ಕಡಿ ಏನಾತು, ಗೊತ್ತದೇನ್ರಿ? ಕೂಲಿಯವರನ್ನ ನೋಡ್ಕೊಳ್ಳೋ ಮುಕಾದಮ ಬಂದು ಅವರ ಝೋಪಡಿ ತಗಡು ಕಿತ್ತಿಸಿದ! "ಜ್ವರ ಸಿಕ್ಕಿತಂದ್ರ ಬಿಲ್ಡಿಂಗ್ ಕಟ್ಟಸೋ ಸೇಠಗ ನೋಟೀಸು ಬರ್ತದ, ಕೆಲಸ ನಿಂದರ್ತದ. ಇಂಥವರು ನನಗ ಬ್ಯಾಡ" ಅಂದ. ಸುರಿಯೋ ಮಳ್ಯಾಗ ಚಂದ್ರವ್ವ ಕೌದಿ ತಲಿ ಮ್ಯಾಲ ಹೊತ್ಕೊಂಡು ನಿಂತಿದ್ಳು. ಧಾರಾವ್ಯಾಗ ಕಂಡ್ರು ಅಂತಾರ ಒಬ್ರು. ಇಲ್ಲ ಅಂತಾರ ಇನ್ನೊಬ್ರು.

ಗೊತ್ತಿರಲಿಲ್ಲಾ?... ನಿಮಗ ಯಾರು ಬಂದು ಹೇಳಬೇಕ್ರಿ.

ನಾ ಹೊಸದಾಗಿ ಗಂಡನ ಮನಿಗಿ ಬಂದಾಗ ಊರಿಗಿ ಡಿಡಿಟಿ ಹೊಡ್ಯಾವರು ಬಂದಿದ್ರು. ದೇಶದಾಗಿಂದ ಈ ಜಡ್ಡು ಓಡಸಬೇಕು, ನಿಮ್ಮ ಮನಿ ಬಿಟ್ಟುಕೊಡ್ರಿ ಅಂದ್ರು. ಕೊಟ್ವಿ. ಜೋಳದ ಚೀಲ ಹೊರಗ ಹೊತ್ತು ಹಾಕಿ, ಅಂಗಳದಾಗ ಕುಂತ್ವಿ. ಗ್ವಾಡಿ ಬೆಳ್ಳಗಾದ್ವು, ಬೆಕ್ಕು ಸತ್ತಿತು. ನಮ್ಮತ್ತಿ ಅದನ್ನ ಹಿತ್ತಲದಾಗ ಹುಗದು ಬಂದ್ಳು. ಆಮ್ಯಾಲ ಜಡ್ಡು ಹೋತು ಅಂದ್ರು. ಹೋತು! ಈಗ ಮತ್ತ ಬಂದದ ಅಂತೀರಿ. ಮತ್ತ ನಮ್ಮ ಬಾಗಿಲಿಗೇ ಬರ್ತೀರಿ.

ಆ ನೀರಿನ ತೊಟ್ಟಿ ನೋಡ್ರಿ, ಸಿಮೆಂಟಿಗಿ ನೀರು ತುಂಬಿಟ್ಟದ್ದು. ಸೊಳ್ಳಿ ಹುಳ ಹೆಂಗ ಕುಣೀತಾವ! ಅದಕ್ಕ ಎಣ್ಣಿ ಹಾಕಾಕ ನೀವು ಬಂದ್ರ ಮುಕಾದಮ ಚಾ ಕುಡಿಸಿ ಗೇಟಿನಿಂದಲೇ ಕಳಸ್ತಾನ. ನಾ ನೋಡೀನಿ. ಸೇಠನ ನೀರು ಯಾರೂ ಮುಟ್ಟಂಗಿಲ್ಲ, ನಮ್ಮ ರಕ್ತ ಮಾತ್ರ ಬೇಕು... ತಲಿ ತಗ್ಗಸಬ್ಯಾಡ್ರಿ ಯಣ್ಣಾ. ನಿಮ್ಮದೂ ನೌಕರಿ. ತಿಳೀತದ ನನಗ.

ತಗೋರಿ, ನನ್ನ ಬೆರಳು ಚುಚ್ಚರಿ. ಚುಚ್ಚಿ ಗುಳಗಿ ಕೊಡ್ರಿ. ಯಾಕ ಬ್ಯಾಡ? ಜ್ವರ ಇಲ್ಲದಾಕಿಗಿ ಗುಳಗಿ ಯಾಕಂದ್ರ... ಮುಂದ ಬಂದ್ರ ಇರ್ಲಿ ಅಂತ. ಕೊಡ್ರಿ. ಯಣ್ಣಾ, ಕೊಡ್ರಿ ಅಂದೆ!

ಏನಾರ ಅನ್ರಿ. ಬೈರಿ ಬೇಕಾದ್ರ. ಗುಳಗಿ ಇಟ್ಟು ಹೋಗ್ರಿ... ಮ್ಯಾಲ ಯಾಕ ನೋಡ್ತೀರಿ? ಮ್ಯಾಲ ಏನದ, ಬರೀ ಸ್ಲ್ಯಾಬು. ಗ್ವಾಡಿ ಇನ್ನಾ ಎಬ್ಬಿಸಿಲ್ಲ. ಅದು... ಪಾರಿವಾಳ ಇರಬೇಕು. ಪಾರಿವಾಳ ನರಳಿದಂಗೇ ಕೂಗ್ತದ...

ಯಣ್ಣಾ.

ಮುಕಾದಮ ಗೇಟಿನ್ಯಾಗ ಅದಾನೇನು? ಈ ಕಡಿ ಸರೀರಿ. ದನಿ ಮಾಡಬ್ಯಾಡ್ರಿ.

ಮೂರನೇ ಮಾಳಿಗಿ ಮ್ಯಾಲ ಅದಾರ. ನೀವು ಬರೋ ಸುದ್ದಿ ಹತ್ತಿ, ಮುಂಜಾನಿ ಜ್ವರದವರನ್ನೆಲ್ಲ ಮ್ಯಾಲ ಏರಿಸಿದ. ನಾವು ಕೆಳಗ ಇಳದ ಮ್ಯಾಲ ಮೆಟ್ಟಿಲಿಗಿ ಅಡ್ಡ ಹಲಗಿ ಬಡದ. ಯಾರಾದ್ರೂ ಬಾಯಿ ಬಿಟ್ರ ಎಲ್ಲಾರ ತಗಡೂ ಕೀಳ್ತೀನಿ ಅಂದ. ನಮ್ಮ ಮನಿಯವರಿಗಿ ಜ್ವರ ತಲಿಗಿ ಏರ್ಯಾದ. ಸತ್ತ ಅಪ್ಪ ಕರೀತಾನ ಅಂತ ಎದ್ದು ನಡೀತಾರ. ಅಲ್ಲಿ ಗ್ವಾಡಿ ಇಲ್ಲರಿ! ನಾಕೂ ಕಡಿ ಬಯಲು. ಏನು ಮಾಡ್ಲಿ ನಾನು? ಸೀರಿ ಹರದು ಅವರನ್ನ ಕಂಬಕ್ಕ ಕಟ್ಟೀನಿ. "ನಾ ಏನ್ ದನ ಏನ ಗುರುಬಾಯಿ" ಅಂದ್ರು. ಆ ಒಂದು ಗಳಿಗಿ ಪೂರಾ ಎಚ್ಚರ ಇತ್ತು ಅವರಿಗಿ, ನನ್ನ ಮಾರಿ ನೋಡ್ಕೋತ ಕೇಳಿದ್ರು. ನಾ ಮತ್ತೊಂದು ಗಂಟು ಹಾಕಿದ್ನಿ.

ನಡೀರಿ. ಹಿಂದ ಬಾಂಬೂ ಕಟ್ಯಾರ, ದಿನಾ ಇಟ್ಟಂಗಿ ಹೊತ್ತು ಏರ್ತೀನಿ ನಾ, ಮುಂದ ಹೋಗ್ತೀನಿ. ನಾಳಿ ಎಲ್ಲಿ ಹೋಗಬೇಕೋ ಹೋಗ್ತೀವಿ, ಅದನ್ನ ಬಿಡ್ರಿ. ಮ್ಯಾಲ ಹೋದ ಮ್ಯಾಲ ಅವಸರ ಮಾಡಬ್ಯಾಡ್ರಿ ಯಣ್ಣಾ... ಮೊದ್ಲು ಅವರ ಎರಡೂ ಕೈ ಗಟ್ಟಿ ಹಿಡೀರಿ. ಆಮ್ಯಾಲ ಗಂಟು ಬಿಚ್ಚತೀನಿ.