ಬಟ್ ನಂಬರ್ 217

ಹೆಸರು ಉಚ್ಚೆಂಗೆಮ್ಮ, ಗಂಡ ಹುಲಿಗೇಶ್, ವಯಸ್ಸು 46 ವರ್ಷ, ಕಸುಬು ಬಟ್ಟೆ ಹೊಲಿಯುವುದು, ವಾಸ ಬಸ್ ನಿಲ್ದಾಣದ ಹಿಂದಿನ ಓಣಿ, ಕುರುಗೋಡು, ಬಳ್ಳಾರಿ ಜಿಲ್ಲೆ.

ಈ ಮೂಲಕ ತಿಳಿಸುವುದೇನೆಂದರೆ, ನನ್ನ ತಂದೆ ದಿವಂಗತ ಮಾರೆಪ್ಪನವರು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದರು. 1989ರ ನವೆಂಬರ್‌ನಲ್ಲಿ ಅವರಿಗೆ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಶಾಲೆಯಲ್ಲಿ ಚುನಾವಣಾ ಬಂದೋಬಸ್ತ್ ಇತ್ತು. ಆಗ ನನಗೆ ಹನ್ನೊಂದು ವರ್ಷ. ನಾನು ಮತ್ತು ನನ್ನ ತಾಯಿ ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಅವರಿಗೆ ರೊಟ್ಟಿ, ಪುಂಡಿಪಲ್ಲೆ ಕೊಟ್ಟೆವು. ರೈಫಲನ್ನು ನೆಲಕ್ಕೆ ಇಡುವಂತಿರಲಿಲ್ಲ. ಆದ್ದರಿಂದ ತಂದೆಯವರು ಅದರ ಗುಂಡು ತೆಗೆದು, ಊಟ ಮುಗಿಯುವವರೆಗೆ ನನ್ನ ತೊಡೆಯ ಮೇಲೆ ಅಡ್ಡ ಇಟ್ಟರು. ಅಂದಾಜು ಹತ್ತು ನಿಮಿಷ. ಅದರ ಬಟ್, ಅಂದರೆ ಹಿಂಬದಿಯ ಮರದ ಮೇಲೆ ಬಿಳಿ ಬಣ್ಣದಲ್ಲಿ 217 ಎಂದು ಬರೆದಿತ್ತು. ಅದರ ಕೆಳಗೆ ಬೆರಳುದ್ದದ ಸೀಳಿತ್ತು. ಎಂಟು ದಿನಗಳ ನಂತರ ಕರ್ತವ್ಯದಿಂದ ಮರಳುವಾಗ ಲಾರಿ ಅಪಘಾತದಲ್ಲಿ ತಂದೆ ತೀರಿಕೊಂಡರು. ಅವರ ಬೂಟು, ಬೆಲ್ಟು ಮನೆಗೆ ಬಂದವು. ರೈಫಲ್ ಸರ್ಕಾರದ್ದು, ಬರಲಿಲ್ಲ.

2009ರಿಂದ ಬಳ್ಳಾರಿ, ಸಿರುಗುಪ್ಪಗಳಲ್ಲಿ ಪೊಲೀಸರು ಸಾರ್ವಜನಿಕರಿಗಾಗಿ ಏರ್ಪಡಿಸುವ ಶಸ್ತ್ರಾಸ್ತ್ರ ಪ್ರದರ್ಶನಗಳಿಗೆ ಹೋಗುತ್ತಿದ್ದೇನೆ. ಇದು ಹನ್ನೆರಡನೆಯದು. ತಂದೆಯವರದು ತ್ರೀ ನಾಟ್ ತ್ರೀ ರೈಫಲ್ ಆಗಿದ್ದರಿಂದ, ಕಂಡ ಅಂಥ ಪ್ರತಿ ರೈಫಲಿನ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಒಟ್ಟು 163 ಇವೆ. ಇದರಿಂದ ಏನು ಸಿಗುತ್ತದೆ ಎಂದು ಗಂಡ ಕೇಳಿದ್ದುಂಟು. ಅಪ್ಪನ ರೈಫಲನ್ನು ಒಮ್ಮೆ ಮುಟ್ಟಬೇಕು ಎಂದಷ್ಟೇ ಹೇಳಿದ್ದೇನೆ.

ಈ ದಿನ ಬೆಳಿಗ್ಗೆ 11.40ಕ್ಕೆ ಬಳ್ಳಾರಿಯ ಪ್ರದರ್ಶನದಲ್ಲಿ ಮೂರನೇ ಮೇಜಿನ ಮೇಲೆ 217 ಕಂಡಿತು. ಮೇಜಿನಿಂದ ನಾಲ್ಕು ಅಡಿ ದೂರದಲ್ಲಿ ಹಗ್ಗ ಕಟ್ಟಿದ್ದರು. ನಾನು ಹಗ್ಗದ ಕೆಳಗೆ ನುಸುಳಿ, ರೈಫಲ್ ತೆಗೆದುಕೊಂಡು, ನೆಲದ ಮೇಲೆ ಕುಳಿತು ತೊಡೆಯ ಮೇಲಿಟ್ಟುಕೊಂಡೆ. ಮಹಿಳಾ ಪೇದೆ ಭಾಗ್ಯ ಅವರು, ಬಿಡ್ರಿ ಅಕ್ಕಾ, ಮಂದಿ ನೋಡಾಕ ಹತ್ಯಾರ ಎಂದು ಎರಡು ಸಲ ಹೇಳಿದರು. ನಾನು ಬಿಡಲಿಲ್ಲ. ಮರದಲ್ಲಿ ಸೀಳು ಇರಲಿಲ್ಲ. ಅದು ನನಗೂ ಕಂಡಿತ್ತು. ಆದರೂ ಬಿಡಲಿಲ್ಲ.

ಆಗ ಶಸ್ತ್ರಾಗಾರದ ಹೆಡ್ ಕಾನ್‌ಸ್ಟೇಬಲ್ ಎರ್ರಣ್ಣ ಅವರು ಬಂದು ನನ್ನೆದುರು ನೆಲದ ಮೇಲೆ ಕುಳಿತು ವಿಚಾರಿಸಿದರು. ತಂದೆಯ ಹೆಸರು ಹೇಳಿದೆ. ಅವರು ರೈಫಲಿನ ಹಿಂಬದಿಯ ಮರವನ್ನು ನೋಡಿದರು. ನಂತರ, ತಂಗೀ, ಇದು ನಿಮ್ಮಪ್ಪಂದಲ್ಲ, ಆ ನಂಬರ್ ಈಗ ಬ್ಯಾರೆದಕ್ಕ ಬರದಾರ ಎಂದರು. ತಾವು ತಂದೆಯವರ ಜೊತೆ ಕೆಲಸ ಮಾಡಿದವರೆಂದೂ, ಮರದಲ್ಲಿ ಸೀಳು ಇದ್ದ ಆ ರೈಫಲನ್ನು ತಂದೆ ತೀರಿದ ಮೇಲೆ ತಮಗೇ ಕೊಟ್ಟಿದ್ದರೆಂದೂ, ಆರು ವರ್ಷ ತಾವೇ ಹೊತ್ತಿದ್ದಾಗಿಯೂ, ಮೂರು ವರ್ಷದ ಹಿಂದೆ ಅದನ್ನು ಕರಗಿಸಲು ಕಳಿಸಿದರೆಂದೂ ತಿಳಿಸಿದರು. ನಾನು ಈ ರೈಫಲನ್ನು ಅವರ ಕೈಗೆ ಕೊಟ್ಟೆನು. ಆಗ ಸಮಯ 12.05.

ಕಳವು ಮಾಡುವ ಅಥವಾ ಯಾರಿಗಾದರೂ ತೊಂದರೆ ಕೊಡುವ ಉದ್ದೇಶ ನನಗಿರಲಿಲ್ಲ. ಹಗ್ಗ ದಾಟಿದ್ದು ನಿಜ. ಅದಕ್ಕೆ ಏನು ಕ್ರಮ ಕೈಗೊಂಡರೂ ಒಪ್ಪುತ್ತೇನೆ.

ಹೇಳಿಕೆಯನ್ನು ಓದಿ ಹೇಳಿದಾಗ ಒಂದು ಮಾತು ಬಿಟ್ಟುಹೋಗಿದ್ದು ತಿಳಿಯಿತು. ನನ್ನ ಕೋರಿಕೆಯಂತೆ ಸೇರಿಸಲಾಗಿದೆ. ಆ ರೈಫಲ್ ಹೇಗಿತ್ತು ಎಂದು ನಾನು ಎರ್ರಣ್ಣನವರನ್ನು ಕೇಳಿದ್ದೆ. ಅದು ಎಡಕ್ಕ ಎಳೀತಿತ್ತು, ಒಂದೀಟು ಬಲಕ್ಕ ಹಿಡೀಬೇಕಿತ್ತು, ನಮಗೆಲ್ಲಾ ಗುರಿ ತಪ್ಪತಿತ್ತು, ನಿಮ್ಮಪ್ಪಗ ಒಬ್ಬರಿಗೇ ತಪ್ಪತಿದ್ದಿಲ್ಲ ಎಂದರು. ತಂದೆಯವರ ಕೆಲಸದ ಬಗ್ಗೆ ಈವರೆಗೆ ನನಗೆ ಯಾರೂ ಏನೂ ಹೇಳಿರಲಿಲ್ಲ.

ಮೇಲೆ ಬರೆದಿರುವುದು ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಬಳ್ಳಾರಿ
ದಿನಾಂಕ: 22-10-2024
ಸಹಿ: ಉಚ್ಚೆಂಗೆಮ್ಮ