ಬಾಯಿ ಮುಚ್ಚಿಸಿದ ಸೆನ್ಸರ್

ಲಗಾವೆ ಪೇಟೆಯಲ್ಲಿ ಜೀಪ್ನಿ ಬಸ್ಸು ಹತ್ತುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಮೆಕ್ಯಾನಿಕ್‌ಗಳು, ಒಬ್ಬ ಹಿರಿಯ, ಒಬ್ಬ ಕಿರಿಯ. ಕಿರಿಯವನು ಮತ್ತೆ ಮತ್ತೆ ಫೋನನ್ನು ಕಿವಿಗಿಟ್ಟು ಇಳಿಸುತ್ತಿದ್ದ.

“ಗುಡ್ಡದಲ್ಲಿ ಸಿಗ್ನಲ್ಲೇ ಇಲ್ಲ, ಮಾನೊಂಗ್,” ಎಂದ, ಹಿರಿಯನನ್ನು ಅಣ್ಣ ಅನ್ನುವ ಹಾಗೆ.

“ಅಂಥದ್ದೇನು ಮಾಡಿದ್ಯೋ, ಡೆಲ್ಫಿನ್?”

“ಗುಡ್ಡದ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ಮಾರಿದ್ವಲ್ಲ, ಅದರ ತೋಳು ಆಡದಂತೆ ತಡೆಯೋ ಲಾಕ್‌ನ ಸೆನ್ಸರ್ ದೋಷ ಅಂತ ತೋರಿಸೋ ಕೋಡು ಅಳಿಸಿದಷ್ಟೂ ಬರ್ತಿತ್ತು. ಸೆನ್ಸರ್‌ನ ಬಿಟ್ಟು ನೇರ ತಂತಿ ಜೋಡಿಸಿ ಅದರ ಬಾಯಿ ಮುಚ್ಚಿಸ್ಬಿಟ್ಟೆ.”

“ಅಂದ್ರೆ ಲಾಕ್ ಹಾಕಿದ್ರೂ ಅದರ ತೋಳು ಆಡುತ್ತೆ?”

“ಡ್ರೈವರ್ ಇಳಿಯೋವಾಗ ಲಿವರ್‌ಗೆ ಅಂಗಿ ತಾಗಿದ್ರೂ ಸಾಕು.”

“ಆ ಡ್ರೈವರ್‌ಗೆ ಹೇಳಿದ್ಯಾ?”

“ಇಲ್ಲ.”

“ಕತ್ತೆ. ಅಲ್ಲಿನ ಕೆಲಸದವರು ಬಿಡುವಲ್ಲಿ ಎಂಜಿನ್ ಆರಿಸದೆ ಎತ್ತಿಟ್ಟ ಬಕೆಟ್ ನೆರಳಲ್ಲೇ ಕೂತು ಎಲೆ ಅಡಿಕೆ ಹಾಕ್ತಾರೆ.”

“ಗೊತ್ತು. ನಾನೂ ಕೂತಿದೀನಿ.”

“ಬಿಡುವು ಯಾವಾಗ?”

ಕಿರಿಯವನು ಆಕಾಶ ನೋಡಿದ.

“ಇದೇ ಹೊತ್ತು.”

ಇಬ್ಬರೂ ಸಾಲು ಬಿಟ್ಟು, ಗುಡ್ಡದ ಕಡೆ ಹೊರಟಿದ್ದ ಲಾರಿಯ ಹಿಂದೆ ಕೂಗುತ್ತ ಓಡಿದರು. ಅವರ ಜಾಗಕ್ಕೆ ಸರಿಯಲು ನನಗೆ ಕಾಲೇ ಬರಲಿಲ್ಲ.